ಬನ್ನಿಯೆಂದು ಕೊಟ್ಟ ಎಲೆ

ಅಬು ಹೈಲ್ ಮೆಟ್ರೋದ ಎಸ್ಕಲೇಟರ್ ಇಳಿಯುವಷ್ಟರಲ್ಲಿ ಗುರುದತ್ತ ತಾನು ಆಡಬೇಕಾದ ಮಾತನ್ನು ಮೂರು ಸಲ ತಾಲೀಮು ಮಾಡಿ ಮುಗಿಸಿದ್ದ. ಮಾತಿಗೆ ಅವನಲ್ಲಿ ಎಂದೂ ಬರಗಾಲವಿರಲಿಲ್ಲ. ಲಿಫ್ಟಿನಲ್ಲಿ ಯಾರಾದರೂ ಬಾಯಿತಪ್ಪಿ ‘ಏನು ಸೆಕೆ’ ಅಂದರೆ ಸಾಕು, ಸಮುದ್ರದ ಗಾಳಿ ಯಾವ ತಿಂಗಳು ಯಾವ ದಿಕ್ಕಿಗೆ ತಿರುಗುತ್ತದೆ ಎಂಬುದನ್ನು ಹದಿನೇಳನೇ ಮಹಡಿಯವರೆಗೂ ವಿವರಿಸುವ ಆಸಾಮಿ. ಮೈಸೂರು ಬಿಟ್ಟು ದುಬೈಗೆ ಬಂದು ಇಪ್ಪತ್ತಮೂರು ವರ್ಷವಾಗಿತ್ತು. ಜುಮೇರಾ ಲೇಕ್ ಟವರ್ಸ್‌ನ ಹಡಗು ಕಂಪನಿಯೊಂದರ ಕಾಗದಪತ್ರಗಳ ನಡುವೆ ಕೂತು ಕೂತು ತಲೆ ನರೆತಿತ್ತು. ಈ ಚಾಳಿ ಮಾತ್ರ ಹೋಗಿರಲಿಲ್ಲ. ತಪ್ಪು ಮಾಡಿದಾಗಂತೂ ಅವನ ವಿವರಣೆ ಇನ್ನೂ ಒಂದು ಮೊಳ ಉದ್ದವಾಗುತ್ತಿತ್ತು.

ಅವತ್ತು ಶನಿವಾರ, ವಿಜಯದಶಮಿ. ಸೋಮವಾರ ಬೆಳಿಗ್ಗೆ ಮುನಿಸ್ವಾಮಿ ವೀಸಾ ಕ್ಯಾನ್ಸಲ್ ಮಾಡಿಸಿಕೊಂಡು ಮಾಲೂರಿಗೆ ಹೊರಟುಹೋಗುವವನಿದ್ದ, ಮತ್ತೆ ಬರುವ ಮಾತಿಲ್ಲ. ದೇರಾದ ಒಂದೇ ಕೋಣೆಯಲ್ಲಿ ಒಂಬತ್ತು ವರ್ಷ ಒಬ್ಬ ಮೇಲಿನ ಮಂಚದಲ್ಲಿ ಒಬ್ಬ ಕೆಳಗಿನ ಮಂಚದಲ್ಲಿ ಮಲಗಿ, ಒಂದೇ ಕುಕ್ಕರಿನ ಅನ್ನ ಉಂಡವರು ಇವರಿಬ್ಬರು. ಆಮೇಲೆ ಹನ್ನೆರಡು ವರ್ಷ ಮಾತಿಲ್ಲ. ಇವತ್ತು ಮುನಿಸ್ವಾಮಿ ತನ್ನನ್ನು ಕ್ಷಮಿಸದಿದ್ದರೆ ಇನ್ನು ಈ ಜನ್ಮದಲ್ಲಿ ಅದು ಆಗುವುದಿಲ್ಲ ಎಂದು ಗುರುದತ್ತನಿಗೆ ಗೊತ್ತಿತ್ತು. ಅದು ತಿಳಿದ ದಿನದಿಂದ ಅವನಿಗೆ ನೆಟ್ಟಗೆ ನಿದ್ದೆ ಹತ್ತಿರಲಿಲ್ಲ.

ನಿಲ್ದಾಣದ ಹೊರಗೆ ಹಿತಾ ಕಾಯುತ್ತಿದ್ದಳು. ಮುನಿಸ್ವಾಮಿಯ ಒಬ್ಬಳೇ ಮಗಳು, ಇಪ್ಪತ್ತನಾಲ್ಕು ವರ್ಷ. ಗುರುದತ್ತನ ಕಚೇರಿ ಇರುವ ಟವರಿನಲ್ಲೇ ಎರಡು ಮಹಡಿ ಕೆಳಗೆ, ಪಾರ್ಕು ಉದ್ಯಾನಗಳ ನಕ್ಷೆ ಬರೆಯುವ ಕಂಪನಿಯೊಂದರಲ್ಲಿ ಅವಳಿಗೆ ಕೆಲಸ. ಅಪ್ಪ ಮುಖ ತಿರುಗಿಸಿದರೂ ಮಗಳು ಲಿಫ್ಟಿನಲ್ಲಿ ಸಿಕ್ಕಾಗ ನಗುತ್ತಿದ್ದಳು. ಅಪ್ಪ ಹೊರಡುವ ಸುದ್ದಿ ಹೇಳಿದವಳೂ ಅವಳೇ, ಶನಿವಾರ ಬಂದುಬಿಡಿ ಎಂದು ಕರೆದವಳೂ ಅವಳೇ.

“ಅಪ್ಪಂಗೆ ಹೇಳಿಲ್ಲ ಅಂಕಲ್. ಹೇಳಿದ್ರೆ ಬೇಡ ಅಂತಾರೆ,” ಅಂದಳು. “ಐದೂವರೆಗೆ ಗಿಡಕ್ಕೆ ನೀರು ಬಿಡೋಕೆ ಗೇಟ್ ಹತ್ರ ಬರ್ತಾರೆ. ಆಗ ಎದುರಿಗೇ ಸಿಗ್ತಾರೆ, ಒಳಗೆ ಹೋಗಿ ಬಾಗಿಲು ಹಾಕ್ಕೊಳ್ಳೋಕಾಗಲ್ಲ. ಇನ್ನೂ ಒಂದು ಗಂಟೆ ಇದೆ. ನಿಧಾನಕ್ಕೆ ನಡೆಯೋಣ, ಓಕೆ?”

ದೊಡ್ಡ ರಸ್ತೆ ದಾಟಿ ಎರಡು ತಿರುವು ತೆಗೆದುಕೊಂಡರೆ ದುಬೈ ಥಟ್ಟನೆ ದನಿ ತಗ್ಗಿಸುತ್ತದೆ. ಇಲ್ಲಿನ ಮನೆಗಳೆಲ್ಲ ಒಂದೋ ಎರಡೋ ಅಂತಸ್ತಿನವು. ಬಿಸಿಲಿಗೆ ಬಣ್ಣ ಹೋದ ಕಾಂಪೌಂಡು, ಅದಕ್ಕಿಂತ ಎತ್ತರದ ಕಬ್ಬಿಣದ ಗೇಟು, ಗೇಟಿನ ಮೇಲಿಂದ ಬೀದಿಗೆ ಬಾಗಿದ ಬೇವು. ಬೇವಿನ ಮರಗಳಿಗಂತೂ ಲೆಕ್ಕವೇ ಇಲ್ಲ. ಅವು ಎರಡೂ ಕಡೆಯಿಂದ ಕೈಚಾಚಿ ರಸ್ತೆಯ ನಡುವೆ ಸೇರಿಕೊಂಡು, ಕೆಳಗೆ ನಿಲ್ಲಿಸಿದ ಕಾರುಗಳ ಮೇಲೆಲ್ಲ ಹಣ್ಣೆಲೆ ಉದುರಿಸಿದ್ದವು. ಬಾದಾಮಿ ಮರದಡಿ ಅಂಗೈಯಗಲದ ಕೆಂಪು ಎಲೆಗಳು. ಒಂದು ಮನೆಯ ಎಸಿ ಹನಿಯುವ ಜಾಗಕ್ಕೆ ಯಾರೋ ಹಾಲಿನ ಪುಡಿಯ ಡಬ್ಬ ಇಟ್ಟು ಪುದೀನ ಬೆಳೆಸಿದ್ದರು. ಇನ್ನೊಂದರ ಗೋಡೆಗೆ ದಾರಿಹೋಕರಿಗೆಂದು ತಣ್ಣೀರಿನ ಕೂಲರ್ ಇತ್ತು, ಅದರ ಅಡಿಯ ಒದ್ದೆ ನೆಲದಲ್ಲಿ ಮೂರು ಬೆಕ್ಕುಗಳು ಜಗತ್ತಿಗೂ ತಮಗೂ ಸಂಬಂಧವಿಲ್ಲದಂತೆ ಬಿದ್ದುಕೊಂಡಿದ್ದವು.

ಅಕ್ಟೋಬರ್ ಬಂದಿದ್ದರೂ ಸೆಕೆ ಹೋಗಿರಲಿಲ್ಲ. ಆದರೆ ಈ ನೆರಳಿನಲ್ಲಿ ಅದು ಸಹಿಸಬಹುದಾದ ಸೆಕೆ. ಗುರುದತ್ತ ಕೂಲರಿನ ನೀರು ಕುಡಿದ, ಬಾಯಿ ಒರೆಸಿಕೊಂಡ, ಈ ಊರಿನಲ್ಲಿ ದಾರಿಗೆ ನೀರಿಡುವ ಪದ್ಧತಿ ಹೇಗೆ ಬಂತು ಎಂದು ಶುರುಮಾಡಿದ. ಹಿತಾ ಹೂಂ ಅಂದಳು. ಗೇಟಿನ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದ ಮುದುಕರೊಬ್ಬರು ಅವಳ ಸಲಾಮಿಗೆ ಕೈ ಎತ್ತಿದರು. ಮುದುಕರ ಪಕ್ಕ ಇನ್ನೊಂದು ಖಾಲಿ ಕುರ್ಚಿಯಿತ್ತು. ಅದು ಯಾರಿಗೆ ಎಂದು ಗುರುದತ್ತ ಕೇಳಿದ. ಯಾರು ಬರ್ತಾರೋ ಅವರಿಗೆ, ಅಂದಳು ಹಿತಾ.

ಅವಳಿಗೆ ಈ ಬೀದಿ ಹನ್ನೆರಡನೇ ವಯಸ್ಸಿನಿಂದ ಪರಿಚಯ. ಇಲ್ಲಿನ ಹಳೆಯ ಮನೆಯೊಂದರ ಹಿಂದಿನ ಎರಡು ಕೋಣೆಗಳಲ್ಲಿ ಅವರ ಸಂಸಾರ. ಆ ಮನೆಯ ತೋಟ ನೋಡಿಕೊಳ್ಳುವುದು ಮುನಿಸ್ವಾಮಿಯ ಸಂಜೆಯ ಕೆಲಸ, ಹಗಲಿಗೆ ಅವನು ಒಂದು ಗಾರ್ಡನ್ ಕಂಪನಿಯ ಸೂಪರ್‌ವೈಸರ್. ಹೆಂಡತಿ ಸುಮಿತ್ರಾ ಹೋದ ತಿಂಗಳೇ ಊರಿಗೆ ಹೋಗಿಯಾಗಿತ್ತು.

“ಅಂಕಲ್, ಒಂದು ಕೇಳ್ಲಾ?” ಅಂದಳು ಹಿತಾ, ನಡಿಗೆ ಇನ್ನಷ್ಟು ನಿಧಾನ ಮಾಡಿ. “ಅಜ್ಜಿ ಸತ್ತ ದಿನ ಏನಾಯ್ತು? ಅಪ್ಪ ಹೇಳೋದು ಬರೀ ಒಂದೇ ಲೈನ್. ಗುರು ಮುಚ್ಚಿಟ್ಟ, ಖಲಾಸ್. ಅಷ್ಟೇ.”

ಗುರುದತ್ತ ಇದಕ್ಕೇ ಕಾದಿದ್ದವನಂತೆ ಹೇಳತೊಡಗಿದ. ಹೇಳುವುದರಲ್ಲಿ ಅವನು ಪಳಗಿದ್ದ. ಈ ಕಥೆಯನ್ನು ಹನ್ನೆರಡು ವರ್ಷದಲ್ಲಿ ಎಷ್ಟು ಜನಕ್ಕೆ ಹೇಳಿದ್ದನೆಂದರೆ ಎಲ್ಲಿ ನಿಟ್ಟುಸಿರು ಬಿಡಬೇಕು ಎಂಬುದೂ ಬಾಯಿಪಾಠವಾಗಿತ್ತು.

ಅವತ್ತು ಮುನಿಸ್ವಾಮಿಗೆ ಡ್ರೈವಿಂಗ್ ಟೆಸ್ಟು. ಆರು ಸಲ ಫೇಲಾದವನಿಗೆ ಏಳನೆಯದು. ಈ ಸಲ ಲೈಸೆನ್ಸ್ ಸಿಕ್ಕರೆ ಸೂಪರ್‌ವೈಸರ್, ಹೆಂಡತಿ ಮಗಳಿಗೆ ಫ್ಯಾಮಿಲಿ ವೀಸಾ. ಸಿಗದಿದ್ದರೆ ಸಾಯುವವರೆಗೂ ಪೈಪು ಹಿಡಿದು ಹುಲ್ಲಿಗೆ ನೀರು ಬಿಡುವುದೇ ಗತಿ ಎಂದು ಕಂಪನಿಯವರು ಮುಖಕ್ಕೆ ಹೇಳಿದ್ದರು. ಬೆಳಿಗ್ಗೆ ಐದಕ್ಕೇ ಎದ್ದು, ಫೋನ್ ಆಫ್ ಮಾಡಿ, ಟೆಸ್ಟಿಗೆ ಮುಂಚಿನ ಕ್ಲಾಸಿಗೆ ಹೋಗಿದ್ದ. ಆರು ಗಂಟೆಗೆ ಗುರುದತ್ತನ ಫೋನು ಬಡಿದುಕೊಂಡಿತು. ಮಾಲೂರಿನಿಂದ ಮುನಿಸ್ವಾಮಿಯ ತಮ್ಮ. ಅಮ್ಮ ಹೋಗಿಬಿಟ್ಟಳು, ಅಣ್ಣನಿಗೆ ಹೇಳಿ ಎಂದು ಅತ್ತ.

ಗಲ್ಫಿನ ಕೋಣೆಗಳಲ್ಲಿ ಸಾವಿನ ಸುದ್ದಿಯನ್ನು ನೇರವಾಗಿ ಹೇಳುವ ಪದ್ಧತಿಯಿಲ್ಲ. ಮೊದಲು ‘ಸ್ವಲ್ಪ ಸೀರಿಯಸ್ಸಂತೆ’ ಅನ್ನುತ್ತಾರೆ. ಅಷ್ಟರಲ್ಲಿ ಒಬ್ಬ ಟಿಕೆಟ್ಟಿಗೆ ಓಡುತ್ತಾನೆ, ಇನ್ನೊಬ್ಬ ಬಟ್ಟೆ ತುಂಬುತ್ತಾನೆ. ಸತ್ಯ ಗೊತ್ತಾಗುವುದು ಏರ್‌ಪೋರ್ಟಿನ ಬಾಗಿಲಲ್ಲಿ. ಗುರುದತ್ತ ಈ ಪದ್ಧತಿಗೆ ತನ್ನದೊಂದು ತಿದ್ದುಪಡಿ ತಂದ. ಟೆಸ್ಟು ಮುಗಿಯುವವರೆಗೂ ಏನನ್ನೂ ಹೇಳಲಿಲ್ಲ. ಹೋದವರಂತೂ ಹೋದರು, ಇರುವವರ ದಾರಿಯಾದರೂ ನೆಟ್ಟಗಾಗಲಿ ಎಂದುಕೊಂಡ. ಮಧ್ಯಾಹ್ನ ಎರಡಕ್ಕೆ ಮುನಿಸ್ವಾಮಿ ಪಾಸಾಗಿ, ಒಂದು ಕೆಜಿ ಜಿಲೇಬಿ ಹಿಡಿದುಕೊಂಡು, ಮೆಟ್ಟಿಲಲ್ಲೇ ಕೂಗುತ್ತಾ ಬಂದ. ಆಗ ಗುರುದತ್ತ ಹೇಳಿದ. ರಾತ್ರಿಯ ವಿಮಾನ ಹಿಡಿದು ಮುನಿಸ್ವಾಮಿ ಮಾಲೂರು ಮುಟ್ಟುವಾಗ ಬೂದಿಯೂ ಆರಿತ್ತು. ಹಿರೀಮಗ ಇಡಬೇಕಾದ ಬೆಂಕಿಯನ್ನು ತಮ್ಮ ಇಟ್ಟಿದ್ದ. ಬೆಳಗಿನ ವಿಮಾನದಲ್ಲಂತೂ ಸೀಟೇ ಇರಲಿಲ್ಲ ಎಂದು ಗುರುದತ್ತ ಕಥೆ ಮುಗಿಸಿದ.

“ಬೆಳಗಿನ ಫ್ಲೈಟಲ್ಲಿ ನಿಜವಾಗ್ಲೂ ಸೀಟಿರಲಿಲ್ವಾ?” ಅಂತ ಕೇಳಿದಳು ಹಿತಾ.

“ಇರಲಿಲ್ಲಮ್ಮ. ಒಂದೂ ಇರಲಿಲ್ಲ. ಮೊದಲೇ ಹೇಳಿದ್ರೂ ಅವನು ರಾತ್ರಿ ಫ್ಲೈಟಿಗೇ ಹೋಗಬೇಕಿತ್ತು. ಟೆಸ್ಟೂ ಹೋಗ್ತಿತ್ತು, ಅಮ್ಮನೂ ಸಿಗ್ತಿರಲಿಲ್ಲ. ಈಗ ನೋಡು, ಅದೇ ಲೈಸೆನ್ಸಿನಿಂದ ನೀನು ಇಲ್ಲಿಗೆ ಬಂದೆ, ಓದಿದೆ, ಕೆಲಸ ಹಿಡಿದೆ.”

“ಐ ನೋ,” ಅಂದಳು ಹಿತಾ. “ಅದಕ್ಕೇ ನಾನು ಯಾರ ಸೈಡೂ ತಗೊಳ್ಳಲ್ಲ.”

ಸೀಟಿತ್ತು. ಇದೊಂದನ್ನು ಗುರುದತ್ತ ಯಾರಿಗೂ ಹೇಳಿರಲಿಲ್ಲ. ಆರೂಕಾಲಕ್ಕೆ ಕೋಣೆಯ ಕಂಪ್ಯೂಟರಿನಲ್ಲಿ ತಾನೇ ನೋಡಿದ್ದ. ಹತ್ತೂ ಹತ್ತರ ಬೆಂಗಳೂರು ವಿಮಾನ, ನಾಲ್ಕು ಸೀಟು ಖಾಲಿ. ಡ್ರೈವಿಂಗ್ ಸ್ಕೂಲು ಟ್ಯಾಕ್ಸಿಯಲ್ಲಿ ಹದಿನೈದು ನಿಮಿಷದ ದಾರಿ. ಆ ಪರದೆಯನ್ನು ಒಂದು ನಿಮಿಷ ದಿಟ್ಟಿಸಿ, ಮುಚ್ಚಿ, ಚಹಾ ಮಾಡಿಕೊಂಡು ಕುಡಿದಿದ್ದ. ಆಮೇಲೆ ‘ಸೀಟಿರಲಿಲ್ಲ’ ಎಂಬುದು ಮೊದಲು ಬಾಯಿಗೆ ಬಂದ ಮಾತಾಯಿತು, ಮುಂದೆ ಅದೇ ಖಾಯಂ ಆಯಿತು. ಈಗ ಈ ಹುಡುಗಿಯ ಮುಖ ನೋಡಿ ಅದನ್ನೇ ಮತ್ತೆ ಹೇಳಿದ್ದಕ್ಕೆ ಅವನಿಗೆ ನಾಚಿಕೆಯಾಯಿತು. ನಾಚಿಕೆ ಮರೆಸಲು ಕೂಡಲೇ ಬೇರೆ ಮಾತು ತೆಗೆದ.

ತೆಗೆದ ಮಾತು ಬನ್ನಿಯದು. ಗುರುದತ್ತನ ತಾಯಿಯ ತವರು ಗದಗ. ದಸರೆಯ ಸಂಜೆ ಬನ್ನಿಯ ಎಲೆ ಕೊಟ್ಟು, ಬಂಗಾರದ ಹಾಗಿರೋಣ ಎಂದು ಹಳೆಯ ಜಗಳವನ್ನೆಲ್ಲ ಮುಗಿಸುವ ಪದ್ಧತಿ ಆಕೆಯ ಜೊತೆಗೇ ಮೈಸೂರಿಗೆ ಬಂದಿತ್ತು, ಮಗನ ಜೊತೆ ದುಬೈಗೂ ಬಂದಿತ್ತು. ಮರುಭೂಮಿಯಲ್ಲಿ ಬನ್ನಿ ಸಿಗುತ್ತದೆಯೇ ಎಂದವರಿಗೆಲ್ಲ ಅವನು ದೊಡ್ಡ ಪಾಠವನ್ನೇ ಹೇಳುತ್ತಿದ್ದ. ಈ ದೇಶದವರು ಘಾಫ್ ಅಂತ ಮೆರೆಸುವ ಮರವೇ ನಮ್ಮ ಬನ್ನಿ, ಗೊತ್ತೇನ್ರೀ? ಕೋಣೆಯಲ್ಲಿದ್ದ ಒಂಬತ್ತು ವರ್ಷವೂ ತಪ್ಪದೆ ಮುನಿಸ್ವಾಮಿಗೆ ಕೊಟ್ಟಿದ್ದ. ನಾಲ್ಕು ವರ್ಷದ ಹಿಂದೆ ಕನ್ನಡದವರ ದಸರಾ ಕೂಟದಲ್ಲಿ, ಅಲ್ ಮುರಕ್ಕಬಾತ್‌ನ ಹೋಟೆಲೊಂದರಲ್ಲಿ, ಎಲ್ಲರೆದುರು ಮತ್ತೆ ಕೊಟ್ಟ. ಮುನಿಸ್ವಾಮಿ ತೆಗೆದುಕೊಂಡು, ಒಮ್ಮೆ ನೋಡಿ, ಮೇಜಿನ ಮೇಲಿಟ್ಟು ಎದ್ದುಹೋಗಿದ್ದ.

“ಇವತ್ತೂ ಕೊಡ್ತೀನಿ,” ಅಂದ ಗುರುದತ್ತ. ಖಾಲಿ ಸೈಟೊಂದರ ಬೇಲಿಯಿಂದ ಹೊರಗೆ ಚಾಚಿದ ಮುಳ್ಳುಮರದ ಹತ್ತಿರ ನಿಂತು ಒಂದು ಕಡ್ಡಿಗೆ ಕೈಹಾಕಿದ.

ಹಿತಾ ನೋಡುತ್ತ ನಿಂತಳು. “ಅಂಕಲ್, ಅದು ಯಾಕೆ?”

“ಬನ್ನಿ ಕಣಮ್ಮ.”

“ಅಲ್ಲ. ಅದು ಬಳ್ಳಾರಿ ಜಾಲಿ.”

ಗುರುದತ್ತ ನಕ್ಕ. ಮಕ್ಕಳಿಗೆ ಏನು ಗೊತ್ತು ಎಂಬ ನಗು. ಹಿತಾ ಹತ್ತಿರ ಬಂದು ಕಡ್ಡಿಯನ್ನು ತಿರುಗಿಸಿ ತೋರಿಸಿದಳು. ಮುಳ್ಳು ನೋಡಿ, ಗಿಣ್ಣಿಗೆ ಎರಡೆರಡು, ಉದ್ದ. ಎಲೆನೂ ಉದ್ದ, ಹಸಿರು. ಬನ್ನಿ ಎಲೆ ಇದಕ್ಕಿಂತ ಸಣ್ಣದು, ಬೂದಿ ಬಣ್ಣ, ಟೊಂಗೆ ಕೆಳಗೆ ಜೋತುಬಿದ್ದಿರತ್ತೆ. ಇದನ್ನ ಎಲ್ಲ ಕಡೆ ಬುಡಸಮೇತ ಕೀಳಿಸ್ತಾರೆ, ಬನ್ನಿ ಮುಟ್ಟಿದ್ರೆ ದಂಡ ಹಾಕ್ತಾರೆ. ನಮ್ಮ ಆಫೀಸಲ್ಲಿ ಹೊಸದಾಗಿ ಸೇರಿದವರೂ ಕನ್‌ಫ್ಯೂಸ್ ಆಗ್ತಾರೆ, ಬೇಜಾರು ಮಾಡ್ಕೋಬೇಡಿ ಅಂದಳು.

“ಪ್ರತಿ ವರ್ಷ ಇಂಥಾದ್ದನ್ನೇ ಕೊಟ್ಟಿದ್ದು?” ಅಂತ ಕೇಳಿದಳು ಆಮೇಲೆ.

ಗುರುದತ್ತ ಕೈಯಲ್ಲಿದ್ದ ಕಡ್ಡಿಯನ್ನು ನೋಡಿದ. ಅವನ ತಲೆಯೊಳಗೆ ಏನೋ ಪಟಪಟನೆ ಜೋಡಣೆಯಾಗುತ್ತಿತ್ತು. ಮುನಿಸ್ವಾಮಿ ಗಿಡಮರದ ನಡುವೆಯೇ ಬದುಕಿದವನು. ಅವನಿಗೆ ಜಾಲಿ ಗೊತ್ತಾಗದೆ ಇರುತ್ತದೆಯೇ? ಅಷ್ಟು ಜನರೆದುರು ಬನ್ನಿ ಅಂತ ಜಾಲಿಮುಳ್ಳು ಕೊಟ್ಟರೆ ಯಾರಿಗೆ ತಾನೆ ಕೆರಳುವುದಿಲ್ಲ? ಗೇಲಿ ಮಾಡುತ್ತಿದ್ದಾನೆ ಅಂದುಕೊಂಡಿರಬೇಕು. ಅದಕ್ಕೇ ಮೇಜಿನ ಮೇಲೆ ಬಿಸಾಕಿ ಹೋದ. ಅಂದರೆ ಅವನು ಅವತ್ತು ರಾಜಿಗೆ ತಯಾರಾಗಿಯೇ ಇದ್ದ. ಕೆಡಿಸಿದ್ದು ಈ ದರಿದ್ರ ಎಲೆ!

ಅವನಿಗೆ ಮೈಯೆಲ್ಲ ಹಗುರವಾಯಿತು. ಐವತ್ತೆಂಟು ವರ್ಷದ ಮನುಷ್ಯ ಹಾದಿಬದಿಯಲ್ಲಿ ಜಾಲಿಕಡ್ಡಿ ಹಿಡಿದು ಹಲ್ಲುಕಿರಿದು ನಿಂತಿದ್ದು ನೋಡಿ ಒಂದು ಬೆಕ್ಕು ರಸ್ತೆ ದಾಟಿ ಆಚೆ ಹೋಯಿತು. ಎಲೆ ತಪ್ಪಿದ್ದು ದೊಡ್ಡ ವಿಷಯವೇ? ಸರಿಯಾದ ಎಲೆ ಕೊಟ್ಟರಾಯಿತು, ನಕ್ಕುಬಿಟ್ಟರಾಯಿತು. ಬೇರೆ ಯಾವುದನ್ನೂ ಬಾಯಿಬಿಡುವ ಅಗತ್ಯವೇ ಇಲ್ಲ. ನಿಜ ಹೇಳಬೇಕೆಂದರೆ ಅವನ ಖುಷಿಯೆಲ್ಲ ಆ ಕೊನೆಯ ವಾಕ್ಯದಲ್ಲಿತ್ತು.

“ನಿಜವಾದ ಬನ್ನಿ ಎಲ್ಲಿದೆ, ತೋರಿಸು,” ಅಂದ.

ಅದು ಮೂರು ಬೀದಿ ಆಚೆ, ಮಸೀದಿಯ ಹಿಂದಿನ ಮೂಲೆಯಲ್ಲಿತ್ತು. ಅಲ್ಲಿಗೆ ಹೋಗುವ ದಾರಿಯಲ್ಲಿ ಗುರುದತ್ತ ಯಾವ ವಿವರಣೆಯೂ ಇಲ್ಲದೆ ಸಿಳ್ಳೆ ಹಾಕಿದ. ಎಲಚಿ ಮರದ ಕೆಳಗೆ ಉದುರಿದ ಹಣ್ಣೊಂದನ್ನು ಒರೆಸಿ ತಿಂದ. ಕಾಗದದ ಹೂವಿನ ಬಳ್ಳಿ ಹಬ್ಬಿದ ಗೋಡೆ, ಹೊರಗೆ ಚಪ್ಪಲಿಗಳ ಗುಂಪು ಬಿಟ್ಟ ಬಾಗಿಲು, ಒಳಗಿನಿಂದ ಟಿವಿಯ ಸದ್ದು. ಮಲಯಾಳಿ ಕೆಫೆಟೇರಿಯಾದ ಮುಂದೆ ಕಾರಿನಲ್ಲೇ ಕೂತು ಹಾರ್ನ್ ಮಾಡಿ ಕರಕ್ ಚಹಾ ತರಿಸಿಕೊಳ್ಳುವವರು. ಹಿತಾ ಎರಡು ಲೋಟ ತಂದಳು, ನಿಂತೇ ಕುಡಿದರು. ಬೇವಿನ ಸಂದಿಯಿಂದ ಬಿಸಿಲು ಓರೆಯಾಗಿ ಇಳಿದು ಗೋಡೆಗಳ ಮೇಲೆ ಹಳದಿಯಾಗಿ ಕೂತಿತ್ತು. ಇಂಥ ಜಾಗ ದುಬೈನಲ್ಲಿದೆ ಎಂದು ಇಪ್ಪತ್ತಮೂರು ವರ್ಷದಲ್ಲಿ ತನಗೆ ಗೊತ್ತೇ ಇರಲಿಲ್ಲವಲ್ಲ ಎಂದು ಅವನಿಗೆ ಅನ್ನಿಸಿತು. ಗೊತ್ತಾಗಲು ಯಾರಾದರೂ ಮನೆಗೆ ಕರೆಯಬೇಕಿತ್ತು.

ಬನ್ನಿಮರ ದೊಡ್ಡದೇನಲ್ಲ. ಬೂದುಬಣ್ಣದ ಟೊಂಗೆಗಳನ್ನು ಜೋತುಬಿಟ್ಟುಕೊಂಡು ತನ್ನ ಪಾಡಿಗೆ ತಾನಿತ್ತು. ಗುರುದತ್ತ ಕೈ ಎತ್ತಿದವನು ದಂಡದ ಮಾತು ನೆನಪಾಗಿ ಇಳಿಸಿದ. ಹಿತಾ ಬುಡದಲ್ಲಿ ಹುಡುಕಿ, ಗಾಳಿಗೆ ಮುರಿದು ಬಿದ್ದಿದ್ದ ಗೇಣುದ್ದದ ಕಡ್ಡಿಯೊಂದನ್ನು ಆರಿಸಿಕೊಟ್ಟಳು. ಎಲೆ ಇನ್ನೂ ಬಾಡಿರಲಿಲ್ಲ.

ಮುನಿಸ್ವಾಮಿ ಹಿತಾ ಹೇಳಿದಂತೆಯೇ ಗೇಟಿನ ಬಳಿ ಪೈಪು ಹಿಡಿದು ನಿಂತಿದ್ದ. ತೆಳ್ಳಗಾಗಿದ್ದ. ಇಬ್ಬರನ್ನೂ ನೋಡಿದ, ನಲ್ಲಿ ನಿಲ್ಲಿಸಲಿಲ್ಲ.

“ಇವನನ್ನ ಯಾಕಮ್ಮ ಕರ್ಕೊಂಡ್ ಬಂದೆ?” ಅಂದ ಮಗಳಿಗೆ.

ಗುರುದತ್ತ ಕಡ್ಡಿ ಮುಂದೆ ಹಿಡಿದು ಒಂದೇ ಉಸಿರಿಗೆ ಶುರುಮಾಡಿದ. “ಮುನಿ, ನನಗೆ ಇವತ್ತೇ ಗೊತ್ತಾಯ್ತು ಮಾರಾಯ. ಅವತ್ತು ನಾನು ಕೊಟ್ಟಿದ್ದು ಜಾಲಿ. ಬೇಕು ಅಂತ ಕೊಟ್ಟಿದ್ದಲ್ಲ, ನೀನು ತಪ್ಪು ತಿಳ್ಕೊಂಡೆ. ತಿಳ್ಕೊಂಡಿದ್ದು ಸರಿನೇ, ಯಾರಾದ್ರೂ ತಿಳ್ಕೋತಾರೆ. ಎರಡು ಮರಾನೂ ನೋಡೋಕೆ ಒಂದೇ ಥರ, ಗಿಣ್ಣಲ್ಲಿ ಮುಳ್ಳು—”

ಮುನಿಸ್ವಾಮಿ ನಲ್ಲಿ ನಿಲ್ಲಿಸಿದ. ಬೀದಿ ಎಷ್ಟು ಸದ್ದಿಲ್ಲದ್ದು ಎಂದು ಆಗ ಗೊತ್ತಾಯಿತು.

“ಕೋಣೇಲಿ ಒಂಬತ್ತು ವರ್ಷ ಕೊಟ್ಟಿದ್ದೂ ಜಾಲೀನೇ ಕಣಯ್ಯಾ,” ಅಂದ. “ಗಿಡ ನೋಡ್ಕೊಂಡು ಹೊಟ್ಟೆ ಹೊರ್ಕೊಳ್ಳೋನಿಗೆ ಗೊತ್ತಾಗಲ್ವಾ? ಗೊತ್ತಿದ್ದೇ ಈಸ್ಕೊಂಡೆ, ಗೊತ್ತಿದ್ದೇ ಕಣ್ಣಿಗೊತ್ಕೊಂಡೆ. ನಿನ್ ಕೈಯಿಂದ ಬಂದಿತ್ತಲ್ಲ.”

ಗುರುದತ್ತ ಮುಂದೆ ಹಿಡಿದಿದ್ದ ಕಡ್ಡಿಯನ್ನು ಕೆಳಗಿಳಿಸಿದ.

“ಅವತ್ತು ಹೋಟೆಲಲ್ಲೂ ಈಸ್ಕೊಂಡೆ. ಎಲೆ ಕೊಟ್ಟು ನೀನೇನಂದೆ, ನೆಪ್ಪೈತಾ? ‘ಏನ್ ಮಾಡೋದು ಮುನಿ, ಸೀಟೇ ಇರಲಿಲ್ಲ’ ಅಂದೆ. ಮಾತು ಬಿಟ್ಟು ಎಂಟು ವರ್ಷ ಆಗಿತ್ತು, ಆವಾಗ್ಲೂ ನಿಂಗೆ ಅದೇ. ತಪ್ಪಾಯ್ತು ಅನ್ನು, ಅನ್ನದೆ ಹೋಗು, ನಂಗೇನೂ ಇಲ್ಲ. ನೀನ್ ಸೀಟಿರಲಿಲ್ಲ ಅಂದಾಗೆಲ್ಲ ನಿನ್ ಕಣ್ಣು ನೆಲ ನೋಡ್ತದೆ. ಏನೋ ಐತೆ ಅಂತ ನಂಗೊತ್ತು. ಏನು ಅಂತ ಗೊತ್ತಿಲ್ಲ.”

ತಾಲೀಮು ಮಾಡಿದ ಮಾತುಗಳೆಲ್ಲ ಇನ್ನೂ ಗುರುದತ್ತನ ನಾಲಿಗೆಯ ಮೇಲೇ ಇದ್ದವು. ಸುಮ್ಮನೆ ಇದ್ದುಬಿಡಬಹುದಿತ್ತು. ಸೋಮವಾರ ಈತ ಹೋಗುತ್ತಾನೆ, ಆಮೇಲೆ ಕೇಳುವವರು ಯಾರೂ ಇಲ್ಲ. ಆದರೆ ಜಾಲಿಯೆಂದು ಗೊತ್ತಿದ್ದೂ ಕಣ್ಣಿಗೊತ್ತಿಕೊಂಡವನ ಎದುರು ನಿಂತು ಇನ್ನೊಂದು ಸಲ ಸುಳ್ಳು ಹೇಳಲು ಅವನಿಂದ ಆಗಲಿಲ್ಲ.

“ಸೀಟಿತ್ತು ಮುನಿ,” ಅಂದ. “ನಾಲ್ಕು ಸೀಟಿತ್ತು. ನಾನೇ ನೋಡಿದ್ದೆ.”

ಹಿತಾ ಅವನ ಕಡೆ ತಿರುಗಿದಳು.

ಮುನಿಸ್ವಾಮಿ ಪೈಪನ್ನು ನಿಧಾನವಾಗಿ ನೆಲಕ್ಕಿಟ್ಟ. “ಎಷ್ಟೊತ್ತಿಗೆ?”

“ಹತ್ತೂ ಹತ್ತಕ್ಕೆ.”

ಮುನಿಸ್ವಾಮಿ ಗೇಟಿನ ಕಟ್ಟೆಯ ಮೇಲೆ ಕೂತು, ಒದ್ದೆ ಬೆರಳುಗಳನ್ನು ಒಂದೊಂದಾಗಿ ಮಡಿಸಿದ. “ನಾಲ್ಕು ಗಂಟೆ ಹೊತ್ತು ವಿಮಾನ. ಅಲ್ಲಿ ಒಂದೂವರೆ ಗಂಟೆ ಮುಂದೆ. ಮೂರೂ ಮುಕ್ಕಾಲಿಗೆ ಬೆಂಗಳೂರು. ಹೊರಕ್ಕೆ ಬರೋದು ಅರ್ಧ ಗಂಟೆ ಇಟ್ಕೋ. ಹೊಸಕೋಟೆ ಮೇಲೆ ಹೋದ್ರೆ ಊರಿಗೆ ಐದೂ ಮುಕ್ಕಾಲು.” ಎಣಿಕೆ ನಿಲ್ಲಿಸಿದ. “ಆರೂವರೆಗೆ ಅಮ್ಮನ್ನ ಎತ್ತಿದ್ರಂತೆ.”

ಮಸೀದಿಯ ಕಡೆಯಿಂದ ಬಾಂಗ್ ಕೇಳಿಸತೊಡಗಿತು. ಅದು ಮುಗಿಯುವವರೆಗೂ ಅವನು ಮಡಿಸಿದ ಬೆರಳನ್ನೇ ನೋಡುತ್ತಿದ್ದ.

“ಸಿಗ್ತಿದ್ಲು,” ಅಂದ. “ನಮ್ಮಮ್ಮ ಸಿಗ್ತಿದ್ಲು.”

ಹನ್ನೆರಡು ವರ್ಷದಿಂದ ಕೂಡಿಟ್ಟ ಉತ್ತರಗಳು ಗುರುದತ್ತನ ಬಳಿ ರಾಶಿ ಬಿದ್ದಿದ್ದವು. ಲೈಸೆನ್ಸು, ವೀಸಾ, ಪಕ್ಕದಲ್ಲೇ ನಿಂತ ಹಿತಾ. ಒಂದೊಂದೂ ನಿಜವೇ. ಅವನ್ನೆಲ್ಲ ನುಂಗಿದ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ.

“ಹೌದು. ಸಿಗ್ತಿದ್ರು. ನಾನು ತಪ್ಪಿಸಿದೆ.”

ಮುನಿಸ್ವಾಮಿ ತಲೆಯೆತ್ತಿದ. ‘ಆದರೆ’ ಎಂಬುದು ಬರುತ್ತದೆಯೆಂದು ಕಾದ. ಬರಲಿಲ್ಲ. ಬೀದಿಯಲ್ಲಿ ಕತ್ತಲೆ ಸೇರುತ್ತಿತ್ತು, ಯಾರದೋ ಗೇಟಿನ ದೀಪ ಹತ್ತಿತು.

“ಈಗ ಹೋಗು,” ಅಂದ ಕೊನೆಗೆ. “ಇವತ್ತು ನನ್ ಕೈಲಿ ಆಗಲ್ಲ. ಇವತ್ತು ನಮ್ಮಮ್ಮ ಇನ್ನೊಂದ್ಸಲ ಸತ್ತಂಗೈತೆ.”

ಗುರುದತ್ತ ತಲೆಯಾಡಿಸಿ ತಿರುಗಿದ. ನಾಲ್ಕು ಹೆಜ್ಜೆ ಹೋಗಿದ್ದನೇನೋ.

“ಗುರು.”

ಹೀಗೆ ಕರೆದು ಹನ್ನೆರಡು ವರ್ಷವಾಗಿತ್ತು.

“ಸೋಮವಾರ ಬೆಳಿಗ್ಗೆ ಐದಕ್ಕೆ ಟ್ಯಾಕ್ಸಿ ತಗೊಂಡು ಬಾ. ಏರ್‌ಪೋರ್ಟಿಗೆ ನನ್ ಜೊತೆ ಬಾ. ಮಾತಾಡ್ಬೇಡ. ಸುಮ್ನೆ ಪಕ್ಕದಲ್ಲಿ ಕೂತಿರು.”

ಗುರುದತ್ತ ಹೂಂ ಅಂದ. ಅದಕ್ಕಿಂತ ಹೆಚ್ಚಿಗೆ ಏನನ್ನೂ ಅನ್ನಲಿಲ್ಲ.